2018ರ ಪ್ರೊನೋಟು ಈಗ ಟೈಮ್ ಬಾರ್ ಆಗಿದೆಯಾ? ಕೊರೋನಾ ಟೈಮಿನ ರಿಯಾಯ್ತಿ ಹೇಗೆ ಲೆಕ್ಕ ಹಾಕೋದು?

ಅಡಿಕೆಸೋಗೆ (9 ನವೆಂಬರ್ 2025)

ಎಲ್ರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ ಹಳ್ಳಿ, ನಾನಿರೋದು ಬೆಂಗಳೂರಲ್ಲಿ. ವಿಷ್ಯ ಏನಂದ್ರೆ ನಮ್ಮಪ್ಪ 2018ರ ಸೆಪ್ಟೆಂಬರ್ 10ಕ್ಕೆ ಪಕ್ಕದ ತೋಟದವ್ರಿಗೆ 4 ಲಕ್ಷ ಕೈಸಾಲ ಕೊಟ್ಟಿದ್ರು, ಮಗಳ ಮದುವೆಗೆ ಅಂತ. ದುಡ್ಡು ಚೆಕ್ಕಲ್ಲಿ ಕೊಟ್ಟಿದ್ದು, ಪ್ರೊನೋಟು ಬರೆಸಿಕೊಂಡಿದ್ದಾರೆ, ರೆವಿನ್ಯೂ ಸ್ಟಾಂಪ್ ಮೇಲೆ ಸೈ ಎಲ್ಲ ಸರಿಯಾಗಿದೆ, ಕೇಳಿದಾಗ ಕೊಡ್ತೀನಿ ಅಂತ ಬರೆದಿದ್ದು. ಮೊದಲೆರಡು ವರ್ಷ ಅಡಿಕೆ ಮಾರಿದ ಮೇಲೆ ಅಂದ್ರು, ಆಮೇಲೆ ಕೊರೋನಾ ಬಂತು, ಆಮೇಲೆ ಎಲೆಚುಕ್ಕಿ ರೋಗ ಬಂತು, ಹೀಗೇ ಒಂದಲ್ಲ ಒಂದು. ಅಪ್ಪ ಬಾಯಿ ಬಿಟ್ಟು ಕೇಳೋ ಜನ ಅಲ್ಲ, ದಿನಾ ಮುಖ ನೋಡ್ಬೇಕಲ್ಲ ಅಂತಾರೆ.

2023ರಲ್ಲಿ ಶಿವರಾತ್ರಿ ಕಳೆದು ಎರಡು ದಿನಕ್ಕೆ, ಅಂದ್ರೆ ಫೆಬ್ರವರಿ 20ಕ್ಕೆ, ಅವ್ರು ಅಪ್ಪನ ಅಕೌಂಟಿಗೆ ಫೋನ್‌ಪೇಲಿ 25 ಸಾವಿರ ಹಾಕಿ ವಾಟ್ಸಾಪ್‌ನಲ್ಲಿ "ಬಡ್ಡಿ ಬಾಬ್ತು ಹಾಕಿದ್ದೀನಿ ಭಟ್ರೇ, ಅಸಲು ಮುಂದಿನ ವರ್ಷ ಸರಿ ಮಾಡ್ತೀನಿ" ಅಂತ ಮೆಸೇಜ್ ಹಾಕಿದ್ರು. ಆಮೇಲೆ ಒಂದು ಪೈಸೆ ಇಲ್ಲ. ಈಗ ತಮ್ಮನ ಮನೆ ಕಟ್ಟೋಕೆ ದುಡ್ಡು ಬೇಕು. ನನ್ನ ಫ್ರೆಂಡ್ ಒಬ್ಬ ಹೇಳ್ದ, ಪ್ರೊನೋಟಿಗೆ ಮೂರೇ ವರ್ಷ, 2021ಕ್ಕೇ ಮುಗಿದೋಯ್ತು, ಅದನ್ನ ಫ್ರೇಮ್ ಹಾಕಿ ಗೋಡೆಗೆ ತಗಲಾಕು ಅಂತ. ಇನ್ನೊಬ್ಬ, ಕೊರೋನಾದಲ್ಲಿ ಸುಪ್ರೀಂ ಕೋರ್ಟ್ ಟೈಮ್ ಎಕ್ಸ್‌ಟೆಂಡ್ ಮಾಡಿದೆ ಅಂದ. ಯಾರದ್ದು ಸರಿ? ಗೊತ್ತಿದ್ದವ್ರು ಹೇಳಿ ಪ್ಲೀಸ್.

ಜಯನಗರ_ಜಾಣ

ನಿಮ್ಮ ಮೊದಲ್ನೇ ಫ್ರೆಂಡೇ ಸರಿ ಬ್ರೋ. ಕೊರೋನಾ ಆರ್ಡರ್ ಇತ್ತು ನಿಜ, ಆದ್ರೆ ಆ ಟೈಮಲ್ಲಿ ಲಿಮಿಟೇಶನ್ (ಕೇಸ್ ಹಾಕೋಕೆ ಇರೋ ಗಡುವು) ಮುಗಿದವ್ರಿಗೆ 2022 ಮಾರ್ಚ್ 1ರಿಂದ 90 ದಿನ ಅಷ್ಟೇ ಕೊಟ್ಟಿದ್ದು. ಅಂದ್ರೆ ಮೇ ಕೊನೆಗೆ ಕಥೆ ಮುಗೀತು. ನೀವು ಮೂರು ವರ್ಷ ಲೇಟು. ಆಮೇಲೆ ಬಂದ 25 ಸಾವಿರ ಲಾಭ ಅನ್ಕೊಳ್ಳಿ.

ರವಿ_ಮಂಡ್ಯ

ಸುಮ್ನೆ ಹೆದರಿಸ್ಬೇಡಿ ಗುರು. ಒಬ್ಬ ಲಾಯರ್ ಹಿಡಿದು ನೋಟೀಸ್ ಕಳಿಸಿ, ನೋಟೀಸ್ ಮುಟ್ಟಿದ ದಿನದಿಂದ ಮತ್ತೆ ಮೂರು ವರ್ಷ ಶುರು ಆಗುತ್ತೆ. ನಮ್ಮ ಮಾವ ಹಂಗೇ ಮಾಡಿದ್ದು. ಇಲ್ಲಾಂದ್ರೂ ಡಿಲೇ ಕಂಡೋನ್ ಅಂತ ಒಂದು ಅರ್ಜಿ ಇರುತ್ತೆ, ತಡ ಆಗಿದ್ದಕ್ಕೆ ಕಾರಣ ಹೇಳಿ ಹಾಕಿದ್ರೆ ಜಡ್ಜು ಒಪ್ತಾರೆ.

ಕೋರ್ಟ್_ಕ್ಯಾಂಟೀನ್

ವಕೀಲಿ ಮಾಡ್ತಾ 14 ವರ್ಷ ಆಯ್ತು, ಸಿವಿಲ್ ಸೈಡೇ ಜಾಸ್ತಿ. ಮೇಲಿನ ಎರಡೂ ಉತ್ತರ ಅಲ್ಲಲ್ಲಿ ತಪ್ಪಿದೆ, ಒಂದೊಂದಾಗಿ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ರವಿಯವ್ರೇ, ಮೊದ್ಲು ನಿಮ್ದು. ನೋಟೀಸ್ ಕಳಿಸಿದ್ರೆ ಗಡಿಯಾರ ನಿಲ್ಲಲ್ಲ, ವಾಪಸ್ಸೂ ತಿರುಗಲ್ಲ. ಈ ಒಂದು ನಂಬಿಕೆಯಿಂದ ಎಷ್ಟು ಜನ ದುಡ್ಡು ಕಳ್ಕೊಂಡಿದ್ದಾರೆ ಅಂದ್ರೆ ಲೆಕ್ಕ ಇಲ್ಲ, ನೋಟೀಸ್ ಮೇಲೆ ನೋಟೀಸ್ ಕಳಿಸ್ತಾ ಕೂರ್ತಾರೆ, ಆ ಕಡೆಯವ್ನು ರಿಪ್ಲೈ ಕೂಡ ಕೊಡದೆ ಮೂರು ವರ್ಷ ತಳ್ತಾನೆ. ಸಾಲ ಕೊಟ್ಟವ್ನು ಎಷ್ಟು ಬರೆದ್ರೂ ಪ್ರಯೋಜನ ಇಲ್ಲ, ಸಾಲ ತಗೊಂಡವ್ನು ಬರೀಬೇಕು. ನಿಮ್ಮ ಮಾವನ ಕೇಸಲ್ಲಿ ಬಹುಶಃ ಆ ಕಡೆಯವ್ನು "ಕೊಡ್ತೀನಿ, ಟೈಮ್ ಕೊಡಿ" ಅಂತ ಸೈ ಮಾಡಿ ರಿಪ್ಲೈ ಕೊಟ್ಟಿರ್ಬೇಕು. ಹಂಗಿದ್ರೆ ಅದು ಲಿಮಿಟೇಶನ್ ಆಕ್ಟ್ ಸೆಕ್ಷನ್ 18ರ ಒಪ್ಪಿಗೆ, ಆವಾಗ ಹೊಸದಾಗಿ ಮೂರು ವರ್ಷ. ಇನ್ನು ಡಿಲೇ ಕಂಡೋನ್. ಅದು ಸೆಕ್ಷನ್ 5, ಅಪೀಲಿಗೆ ಮತ್ತೆ ಅರ್ಜಿಗಳಿಗೆ ಮಾತ್ರ. ಹೊಸ ದಾವೆಗೆ ಇಲ್ಲವೇ ಇಲ್ಲ. ಒಂದು ದಿನ ಲೇಟಾದ್ರೂ ಮುಗೀತು. ಎದುರು ಪಾರ್ಟಿ ಬಾಯಿ ಬಿಡದಿದ್ರೂ ಕೋರ್ಟೇ ನೋಡಿ ವಜಾ ಮಾಡ್ಬೇಕು ಅಂತ ಸೆಕ್ಷನ್ 3 ಹೇಳುತ್ತೆ.

ಈಗ ಜಯನಗರದವ್ರ 90 ದಿನ. ಅರ್ಧ ಓದಿದ್ದೀರ ಸರ್. 2022 ಜನವರಿ 10ರ ಆರ್ಡರ್ ಅದು. 2020 ಮಾರ್ಚ್ 15ರಿಂದ 2022 ಫೆಬ್ರವರಿ 28ರ ತನಕ, ಒಟ್ಟು 716 ದಿನ, ಲೆಕ್ಕದಿಂದಲೇ ತೆಗೀಬೇಕು ಅಂತ ಹೇಳಿದ್ದು. ಆ ಮಧ್ಯದಲ್ಲಿ ಯಾರ ಲಿಮಿಟೇಶನ್ ಮುಗೀತಿತ್ತೋ ಅವ್ರಿಗೆ ಕಡಿಮೆ ಅಂದ್ರೂ 90 ದಿನ, ಆದ್ರೆ ಉಳಿದಿರೋ ಬಾಕಿ ಅವಧಿ 90 ದಿನಕ್ಕಿಂತ ಜಾಸ್ತಿ ಇದ್ರೆ ಆ ಜಾಸ್ತಿ ಅವಧಿಯೇ ಸಿಗುತ್ತೆ ಅಂತ ಅದೇ ಪ್ಯಾರಾದ ಮುಂದಿನ ಸಾಲಲ್ಲಿದೆ. ಆ ಸಾಲು ಓದದೆ ಎಷ್ಟೋ ಜನ ವಕೀಲರೇ ಕಕ್ಷಿದಾರರನ್ನ ವಾಪಸ್ ಕಳಿಸಿದ್ದಾರೆ.

ಲೆಕ್ಕ ಹಾಕೋಣ. ನೋಟು 2018 ಸೆಪ್ಟೆಂಬರ್ 10. ಕೇಳಿದಾಗ ಕೊಡೋ ನೋಟು ಆದ್ರಿಂದ ನೋಟಿನ ತಾರೀಕಿಂದಲೇ ಮೂರು ವರ್ಷ ಓಡೋಕೆ ಶುರು, ಅದೇ ಆಕ್ಟಿನ ಆರ್ಟಿಕಲ್ 35. (ಕೇಳಿದ ದಿನದಿಂದ ಅಂತ ತುಂಬಾ ಜನ ತಿಳ್ಕೊಂಡಿರ್ತಾರೆ, ಅಲ್ಲ.) ಮಾಮೂಲಿ ಲೆಕ್ಕದಲ್ಲಿ 2021 ಸೆಪ್ಟೆಂಬರ್ 10ಕ್ಕೆ ಮುಗೀಬೇಕಿತ್ತು. 2020 ಮಾರ್ಚ್ 15ಕ್ಕೆ ಗಡಿಯಾರ ನಿಂತಾಗ ಇನ್ನೂ 545 ದಿನ ಬಾಕಿ ಇತ್ತು. ಆ 545 ದಿನ 2022 ಮಾರ್ಚ್ 1ರಿಂದ ಮತ್ತೆ ಓಡುತ್ತೆ, 2023 ಆಗಸ್ಟ್ 27ಕ್ಕೆ ನಿಲ್ಲುತ್ತೆ. ಅವತ್ತು ಭಾನುವಾರ, ಹಾಗಾಗಿ ಸೋಮವಾರ 28ಕ್ಕೆ ಹಾಕಿದ್ರೂ ನಡೀತಿತ್ತು.

ಈಗ ನಿಮ್ಮ 25 ಸಾವಿರಕ್ಕೆ ಬರೋಣ. ಅದು ಬಂದಿದ್ದು 2023 ಫೆಬ್ರವರಿ 20, ಅಂದ್ರೆ ಆಗಸ್ಟ್ 27ಕ್ಕಿಂತ ಮುಂಚೆ. ಅವಧಿ ಒಳಗೆ ಅಸಲೋ ಬಡ್ಡಿಯೋ ಸ್ವಲ್ಪ ಕಟ್ಟಿದ್ರೆ ಅವತ್ತಿಂದ ಹೊಸ ಮೂರು ವರ್ಷ, ಸೆಕ್ಷನ್ 19. ಹಂಗಾಗಿ ನಿಮಗೆ 2026 ಫೆಬ್ರವರಿ 20ರ ತನಕ ದಾರಿ ಇದೆ ಅಂತ ವಾದ ಮಾಡಬಹುದು. ಜಯನಗರದವ್ರ ಲೆಕ್ಕ ಹಿಡಿದ್ರೆ 2022 ಮೇಗೇ ಸಾಲ ಸತ್ತಿರುತ್ತೆ, ಸತ್ತ ಮೇಲೆ ಕಟ್ಟಿದ ದುಡ್ಡಿಂದ ಜೀವ ಬರಲ್ಲ. ನಿಮ್ಮ ಇಡೀ ಕೇಸು ನಿಂತಿರೋದು ಈ ಒಂದು ವ್ಯತ್ಯಾಸದ ಮೇಲೆ.

ಜಯನಗರ_ಜಾಣ

ಸರ್ ವಾದ ಮಾಡಬೇಕು ಅಂತಲ್ಲ, ಬಾಕಿ ಅವಧಿ ಅಂದ್ರೆ ಯಾವತ್ತಿನ ಬಾಕಿ? ಆರ್ಡರಲ್ಲಿ 2021 ಅಕ್ಟೋಬರ್ 3ಕ್ಕೆ ಉಳಿದ ಬಾಕಿ ಅಂತಿದೆ. ಇವ್ರದ್ದು ಸೆಪ್ಟೆಂಬರ್‌ಗೇ ಮುಗಿದಿತ್ತಲ್ಲ, ಬಾಕಿ ಎಲ್ಲಿಂದ ಬಂತು?

ಕೋರ್ಟ್_ಕ್ಯಾಂಟೀನ್

ಒಳ್ಳೇ ಪ್ರಶ್ನೆ, ಗಲಾಟೆ ಆಗಿದ್ದೂ ಇದೇ ಜಾಗದಲ್ಲಿ. ಅಕ್ಟೋಬರ್ 3 ಯಾಕೆ ಬಂತು ಅಂದ್ರೆ ಅದಕ್ಕೂ ಮೊದ್ಲು 2021 ಸೆಪ್ಟೆಂಬರಲ್ಲಿ ಒಂದು ಆರ್ಡರ್ ಮಾಡಿ ಅಕ್ಟೋಬರ್ 2ರ ತನಕ ಅಂತ ನಿಲ್ಲಿಸಿದ್ರು, ಆಮೇಲೆ ಒಮಿಕ್ರಾನ್ ಬಂತು, ಮತ್ತೆ ಫೆಬ್ರವರಿ ಕೊನೆ ತನಕ ಎಳೆದ್ರು. ಆದ್ರೆ ಮಾರ್ಚ್ 15, 2020ರಿಂದಲೇ ಗಡಿಯಾರ ನಿಂತಿದೆ ಅಂದ ಮೇಲೆ 2021 ಸೆಪ್ಟೆಂಬರ್‌ಗೆ ಇವ್ರದ್ದು ಹೇಗೆ ಮುಗಿಯುತ್ತೆ? ನಿಂತ ಗಡಿಯಾರದಲ್ಲಿ ಸಾಯಂಕಾಲ ಆಗುತ್ತಾ?

ಇದನ್ನ ಸುಪ್ರೀಂ ಕೋರ್ಟೇ 2024 ಮಾರ್ಚ್ 1ಕ್ಕೆ ಬಿಡಿಸಿ ಹೇಳಿದೆ, ಆರಿಫ್ ಅಜೀಂ ವರ್ಸಸ್ ಆಪ್ಟೆಕ್. ಕಾಬೂಲಿನ ಕಂಪನಿ ಮತ್ತೆ ನಮ್ಮ ಕಂಪ್ಯೂಟರ್ ಕೋರ್ಸಿನ ಆಪ್ಟೆಕ್ ನಡುವಿನ ಆರ್ಬಿಟ್ರೇಷನ್ ಗಲಾಟೆ. ಅಲ್ಲಿ ಕ್ಲೇಮು ಶುರುವಾಗಿದ್ದು 2018 ಮಾರ್ಚ್ 28, ಮಾಮೂಲಿ ಲೆಕ್ಕದಲ್ಲಿ 2021 ಮಾರ್ಚ್ 27ಕ್ಕೆ ಮುಗೀಬೇಕಿತ್ತು, ಅಂದ್ರೆ ಇವ್ರ ಥರಾನೇ ಕೊರೋನಾ ಮಧ್ಯದಲ್ಲಿ. ಕೋರ್ಟು 2020 ಮಾರ್ಚ್ 15ಕ್ಕೆ ಉಳಿದಿದ್ದ ಒಂದು ವರ್ಷ 13 ದಿನಾನ ತಗೊಂಡು 2022 ಮಾರ್ಚ್ 1ರಿಂದ ಎಣಿಸಿ 2023 ಮಾರ್ಚ್ 13ರ ತನಕ ಅವಧಿ ಇದೆ ಅಂತು. 90 ದಿನ ಅನ್ಲಿಲ್ಲ.

ಜಯನಗರ_ಜಾಣ

ಓಕೆ ಸರ್ ಒಪ್ಕೊಂಡೆ. ನಮ್ಮ ಚಿಟ್ ಫಂಡ್ ಪಾರ್ಟಿ ಒಬ್ರಿಗೆ ನಾನೇ 90 ದಿನ ಅಂತ ಹೇಳಿ ಕಳಿಸಿದ್ದೆ, ಈಗ ಅವ್ರ ಮುಖ ಹೇಗೆ ನೋಡೋದೋ.

ಅಡಿಕೆಸೋಗೆ

ಸರ್ ತುಂಬಾ ಥ್ಯಾಂಕ್ಸ್, ಇಷ್ಟು ಬಿಡಿಸಿ ಯಾರೂ ಹೇಳಿರ್ಲಿಲ್ಲ. ಆದ್ರೆ "ವಾದ ಮಾಡಬಹುದು" ಅಂದ್ರಲ್ಲ, ಅದೊಂದು ಯಾಕೋ ಕಿವೀಲಿ ಉಳೀತು. ಇನ್ನೂ ಏನಾದ್ರೂ ತೊಡಕಿದೆಯಾ?

ಕೋರ್ಟ್_ಕ್ಯಾಂಟೀನ್

ಇದೆ. ಸೆಕ್ಷನ್ 19 ಪ್ರಕಾರ ದುಡ್ಡು ಬಂದ್ರೆ ಮಾತ್ರ ಸಾಲ್ದು, ಕಟ್ಟಿದೀನಿ ಅನ್ನೋದು ಕಟ್ಟಿದವ್ನ ಕೈಬರಹದಲ್ಲೋ ಅವನು ಸೈ ಮಾಡಿದ ಬರಹದಲ್ಲೋ ಇರ್ಬೇಕು. ಚೆಕ್ ಕೊಟ್ಟಿದ್ರೆ ತಲೆನೋವೇ ಇರ್ಲಿಲ್ಲ, ಚೆಕ್ ಮೇಲೆ ಸೈ ಇರುತ್ತೆ. ಫೋನ್‌ಪೇಲಿ ಕೈಬರಹ ಎಲ್ಲಿ? ಅದಕ್ಕೇ ಆ ವಾಟ್ಸಾಪ್ ಮೆಸೇಜು ನಿಮಗೆ ಬಂಗಾರ. ಇಮೇಲಲ್ಲಿ ಸಾಲ ಒಪ್ಕೊಂಡ್ರೂ ಸೆಕ್ಷನ್ 18ಕ್ಕೆ ಸಾಕು ಅಂತ ನಮ್ಮ ಹೈಕೋರ್ಟು 2013ರಲ್ಲಿ ಒಂದು ಕಂಪನಿ ಕೇಸಲ್ಲಿ ಹೇಳಿದೆ, ಐಟಿ ಆಕ್ಟ್ ಆಧಾರದ ಮೇಲೆ. ಅದೇ ದಾರೀಲಿ ವಾಟ್ಸಾಪನ್ನೂ ಹಿಡಿದು ವಾದ ಮಾಡ್ತೀವಿ. ಆದ್ರೆ ಎದುರು ವಕೀಲ ಸುಮ್ನೆ ಬಿಡಲ್ಲ, "ಇದು ಸೈ ಅಲ್ಲ, ನಂಬರ್ ನಂದಲ್ಲ, ಮಗ ಟೈಪ್ ಮಾಡಿದ್ದು" ಏನೇನೋ ಹೇಳ್ತಾನೆ.

ಒಂದು ವಿಷ್ಯ ಅರ್ಜೆಂಟಾಗಿ ನೋಡಿ: ಆ ಮೆಸೇಜ್ ಬಂದ ಫೋನು ಇನ್ನೂ ಇದೆಯಾ? ಸ್ಕ್ರೀನ್‌ಶಾಟ್ ತೆಗೆದು ಪ್ರಿಂಟ್ ಹಾಕಿ ಕೊಟ್ರೆ ಆಗಲ್ಲ, ಜೊತೆಗೆ ಎಲೆಕ್ಟ್ರಾನಿಕ್ ದಾಖಲೆಗೆ ಕೊಡೋ ಸರ್ಟಿಫಿಕೇಟ್ ಬೇಕು, ಮೊದ್ಲು ಎವಿಡೆನ್ಸ್ ಆಕ್ಟಿನ 65ಬಿ ಅಂತಿದ್ದದ್ದು, ಈಗ 2024 ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63. ಫೋನು ಎಕ್ಸ್‌ಚೇಂಜ್ ಆಫರಲ್ಲಿ ಕೊಟ್ಟುಬಿಟ್ಟಿದ್ರೆ ಕಷ್ಟ.

ಬಾಗಿಲು_ಬೋಲ್ಟು

ನಂದೂ ಇಂಥಾದ್ದ ಒಂದ ಐತ್ರಿ, ನಡುವ ಬಾಯಿ ಹಾಕತೇನಿ ಸಿಟ್ಟ ಮಾಡ್ಕೋಬ್ಯಾಡ್ರಿ. ಹುಬ್ಬಳ್ಳ್ಯಾಗ ಹಾರ್ಡ್‌ವೇರ್ ಅಂಗಡಿ ನಮ್ಮದು. ಒಬ್ಬ ಕಾಂಟ್ರಾಕ್ಟರ್ 2023ರಾಗ ಜನವರಿಯಿಂದ ಮಾರ್ಚ್ ತನಕ 6 ಲಕ್ಷ 80 ಸಾವಿರದ್ದು ಸಿಮೆಂಟು, ಕಬ್ಬಣ ಒಯ್ದಾನ್ರಿ, ಉದ್ರಿ ಮ್ಯಾಲೆ. ಜಿಎಸ್‌ಟಿ ಬಿಲ್ ಎಲ್ಲಾ ಅದಾವು. ವಕೀಲ್ರ ಹಂತ್ಯಾಕ ಹ್ವಾದ್ರ ಮೊದ್ಲ ಮೀಡಿಯೇಷನ್ನಿಗೆ (ರಾಜಿ ಮಾತುಕತಿಗೆ) ಹೋಗ್ರಿ, ಸೀದಾ ಕೇಸ್ ಹಾಕಾಕ ಬರೂದಿಲ್ಲ ಅಂತಾರ. ಅಲ್ಲಿ ಅಡ್ಯಾಡಕೋಂತ ಕುಂತ್ರ ಇಲ್ಲಿ ಮೂರು ವರ್ಷ ಮುಗದ ಹೊಕ್ಕಾವಲ್ರಿ?

ಕೋರ್ಟ್_ಕ್ಯಾಂಟೀನ್

ನಿಮ್ಮ ವಕೀಲರು ಸರಿಯಾಗೇ ಹೇಳಿದ್ದಾರೆ. ವ್ಯಾಪಾರದ ಬಾಕಿ, 3 ಲಕ್ಷದ ಮೇಲೆ, ಹಂಗಾಗಿ ಕಮರ್ಷಿಯಲ್ ದಾವೆ. ಅರ್ಜೆಂಟ್ ಮಧ್ಯಂತರ ಆದೇಶ ಏನೂ ಬೇಡ ಅಂದ್ರೆ ಮೊದ್ಲು ಮೀಡಿಯೇಷನ್ ಕಡ್ಡಾಯ, ಕಮರ್ಷಿಯಲ್ ಕೋರ್ಟ್ಸ್ ಆಕ್ಟ್ 12ಎ. ಕಡ್ಡಾಯಾನೋ ಅಲ್ವೋ ಅಂತ ಗೊಂದಲ ಇತ್ತು, 2022 ಆಗಸ್ಟಲ್ಲಿ ಸುಪ್ರೀಂ ಕೋರ್ಟು ಕಡ್ಡಾಯ ಅಂತ ಮುಗಿಸ್ತು, ಆ ಆಗಸ್ಟ್ 20ರಿಂದ ಜಾರಿ. ಹೆದರ್ಬೇಡಿ, ಮೀಡಿಯೇಷನ್ನಲ್ಲಿ ಕಳೆದ ದಿನಗಳು ಲಿಮಿಟೇಶನ್ನಿಂದ ಕಳೀತಾರೆ, ಅದೇ ಸೆಕ್ಷನ್ನಲ್ಲಿ ಬರೆದಿದೆ. ಕಾಂಟ್ರಾಕ್ಟರ್ ಬರಲಿಲ್ಲ ಅಂದ್ರೆ ಮಾತುಕತೆ ಶುರುವೇ ಆಗ್ಲಿಲ್ಲ ಅಂತ ನಾನ್ ಸ್ಟಾರ್ಟರ್ ರಿಪೋರ್ಟ್ ಕೊಡ್ತಾರೆ, ಅದನ್ನ ಹಿಡ್ಕೊಂಡು ದಾವೆ ಹಾಕೋದು. ಆದ್ರೆ ಒಂದು ನೆನಪಿಟ್ಕೊಳ್ಳಿ, ಒಂದೊಂದು ಬಿಲ್ಲಿಗೂ ಮಾಲು ಡೆಲಿವರಿ ಆದ ದಿನದಿಂದ ಬೇರೆ ಬೇರೆ ಮೂರು ವರ್ಷ. ಜನವರಿ ಬಿಲ್ಲು ಮೊದ್ಲು ಸಾಯುತ್ತೆ. ಈಗಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಹಾಕಿ, ಜನವರಿ ಬರೋ ತನಕ ಕಾಯ್ಬೇಡಿ.

ಬಾಗಿಲು_ಬೋಲ್ಟು

ಆತ್ರಿ ಸಾಹೇಬ್ರ, ನಾಳಿಗೇ ಹೊಕ್ಕೇನಿ. ಬಿಲ್ಲಿಗೊಂದ ಮೂರು ವರ್ಷ ಅನ್ನೂದು ಗೊತ್ತ ಇರಲಿಲ್ಲರಿ, ನಾ ಕಡೀ ಬಿಲ್ಲಿಂದ ಎಣಸಾಕತ್ತಿದ್ನಿ.

ಹಳೇ_ಶಿರಸ್ತೇದಾರ

ಕೋರ್ಟಲ್ಲಿ ಶಿರಸ್ತೇದಾರನಾಗಿ ರಿಟೈರ್ ಆದೋನು ನಾನು. ನೀವೆಲ್ಲ ಎರಡು ವರ್ಷದ ಕೊರೋನಾ ಲೆಕ್ಕಕ್ಕೆ ಇಷ್ಟು ತಲೆ ಕೆಡಿಸ್ಕೊಂಡಿದ್ದೀರಲ್ಲ, 1963ರ ಲಿಮಿಟೇಶನ್ ಕಾಯ್ದೆ ಬಂದಾಗ ನಮ್ಮ ಹಿರಿಯರು ಪಟ್ಟ ಪಾಡು ನೋಡಬೇಕಿತ್ತು, ನಮ್ಮ ಸೀನಿಯರ್ಸ್ ಹೇಳೋರು. ಅದಕ್ಕೂ ಮೊದಲು 1908ರ ಕಾಯ್ದೆ. ಅಡಮಾನ ಬಿಡಿಸಿಕೊಳ್ಳೋಕೆ 60 ವರ್ಷ ಇತ್ತು, ಅದನ್ನ 30ಕ್ಕೆ ಇಳಿಸಿದ್ರು. ಸರ್ಕಾರ ದಾವೆ ಹಾಕೋಕೂ 60 ಇದ್ದದ್ದು 30 ಆಯ್ತು. ಯಾವ ಕಲಮಿಗೂ ಸೇರದ ದಾವೆಗಳಿಗೆ 6 ವರ್ಷ ಇತ್ತು, 3 ಆಯ್ತು. ಹೊಸ ಕಾಯ್ದೆ 1964 ಜನವರಿ 1ಕ್ಕೆ ಜಾರಿಗೆ ಬಂತು, ದಿಢೀರ್ ಅಂತ ಹಕ್ಕು ಹೋಗಬಾರ್ದು ಅಂತ ಹಳಬರಿಗೆ ಏಳು ವರ್ಷದ ವಾಯಿದೆ ಇಟ್ಟಿದ್ರು. ಅಷ್ಟಾದ್ರೂ ಹಳ್ಳೀಲಿ ಯಾರಿಗೆ ಗೊತ್ತಾಗಬೇಕು? ಅಜ್ಜ ಹಾಕಿದ ಅಡಮಾನ, ಮೊಮ್ಮಗ ದುಡ್ಡು ಹಿಡ್ಕೊಂಡು ಬಂದ್ರೆ "ನಿನ್ನ ವಾಯಿದೆ ಮುಗಿದಿದೆ ಹೋಗಪ್ಪ" ಅನ್ನೋ ಕಾಲ ಬಂತು.

ಭೋಗ್ಯದ್ದು ಮಾತ್ರ ಬೇರೆ ದಾರಿ ಹಿಡೀತು. ಸ್ವಾಧೀನ ಕೊಟ್ಟು, ಬೆಳೆ ಉಣ್ಣೋಕೆ ಬಿಟ್ಟು, ಬಡ್ಡಿ ಬದಲು ಅದೇ ಅಂತ ಬರೆದುಕೊಟ್ಟಿದ್ರೆ ಬರೀ 30 ವರ್ಷ ಆಯ್ತು ಅಂತ ಹಕ್ಕು ಹೋಗಲ್ಲ ಅಂತ 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು, ಸಿಂಗ್ ರಾಮ್ ಕೇಸು. ಯಾರ ಮನೇಲಾದ್ರೂ ಹಳೇ ಭೋಗ್ಯದ ಪತ್ರ ಇದ್ರೆ ಒಲೆಗೆ ಹಾಕೋಕೆ ಮುಂಚೆ ಒಬ್ಬ ವಕೀಲರಿಗೆ ತೋರಿಸಿ.

ತೀರ್ಥಹಳ್ಳಿ ಹುಡುಗನಿಗೆ ಒಂದು ಪ್ರಶ್ನೆ. ನಮ್ಮ ಕಾಲದಲ್ಲಿ ಸಾಹುಕಾರರು ಪ್ರೊನೋಟಿನ ಬೆನ್ನಿಗೆ ಬರೆಸಿಕೊಳ್ಳೋರು, ಇಂಥಾ ತಾರೀಕು ಇಷ್ಟು ಸಂದಾಯ ಅಂತ, ಕೆಳಗೆ ಸಾಲಗಾರನ ಸೈ. ಲಿಮಿಟೇಶನ್ ಅಂದ್ರೆ ಏನು ಅಂತ ಕೇಳಿದ್ರೆ ಗೊತ್ತಿಲ್ಲ ಅಂತಿದ್ರು, ಆದ್ರೆ ಮೂರು ವರ್ಷ ತುಂಬೋಕೆ ಹದಿನೈದು ದಿನ ಮುಂಚೆ ಐದು ರೂಪಾಯಿ ಆದ್ರೂ ಕಟ್ಟಿಸ್ಕೊಂಡು ಬರೆಸೋರು. ನಿಮ್ಮ ತಂದೆ ನೋಟಿನ ಹಿಂದೆ ಏನಾದ್ರೂ ಇದೆಯಾ, ತಿರುಗಿಸಿ ನೋಡಿದ್ದೀರಾ?

ಅಡಿಕೆಸೋಗೆ (12 ನವೆಂಬರ್)

ಅಪ್‌ಡೇಟ್. ಫೋನು ಇದೆ! ಸ್ಕ್ರೀನ್ ಒಡೆದಿದೆ ಅಂತ ಕಪಾಟಲ್ಲಿ ಇಟ್ಟಿದ್ದರು, ಚಾರ್ಜ್ ಹಾಕಿದ್ರೆ ಆನ್ ಆಗುತ್ತೆ, ಮೆಸೇಜ್ ಅಲ್ಲೇ ಇದೆ. ಶಿರಸ್ತೇದಾರ್ ಸರ್, ನೀವು ಹೇಳಿದ ಹಾಗೆ ಅಮ್ಮನ ಹತ್ರ ನೋಟು ತಿರುಗಿಸಿ ಫೋಟೋ ತೆಗೆಸಿದೆ. ಹಿಂದೆ "20-2-23 ರೂ. 25000 ಬಂತು" ಅಂತ ಬರೆದಿದೆ, ನೋಡಿ ಖುಷಿಯಾಗಿ ಕುಣಿದುಬಿಟ್ಟೆ. ಆಮೇಲೆ ಗೊತ್ತಾಯ್ತು ಅದು ಅಪ್ಪನ ಅಕ್ಷರ. ಪಕ್ಕದವ್ರ ಸೈ ಇಲ್ಲ. ಈಗ ಅವ್ರ ಹತ್ರ ಅದರ ಕೆಳಗೆ ಒಂದು ಸೈ ಹಾಕಿಸಿಬಿಟ್ರೆ ಆಗುತ್ತಾ? ಅಪ್ಪ ಕೇಳಿದ್ರೆ ಹಾಕ್ತಾರೆ ಅನ್ಸುತ್ತೆ.

ಕೋರ್ಟ್_ಕ್ಯಾಂಟೀನ್

ಬೇಡ ಬೇಡ ಬೇಡ. 2023ರ ತಾರೀಕಿನ ಕೆಳಗೆ 2025ರಲ್ಲಿ ಸೈ ಹಾಕಿಸೋದು ಸುಳ್ಳು ದಾಖಲೆ ಮಾಡಿದ ಹಾಗೆ, ಇರೋ ಒಳ್ಳೇ ಕೇಸೂ ಹಾಳಾಗುತ್ತೆ. ಪಾಟೀಸವಾಲಲ್ಲಿ ಎರಡೇ ನಿಮಿಷಕ್ಕೆ ಹೊರಗೆ ಬರುತ್ತೆ. ಅಪ್ಪ ಬರೆದಿದ್ದು ಅವ್ರ ನೆನಪಿಗೆ ಅಷ್ಟೇ, ಹಾಗೇ ಇರ್ಲಿ, ಒರೆಸೋಕೂ ಹೋಗ್ಬೇಡಿ.

ಅವ್ರು ಸೈ ಹಾಕೋಕೆ ರೆಡಿ ಇದ್ದಾರೆ ಅಂದ್ರೆ ಅದಕ್ಕಿಂತ ಒಳ್ಳೇದು ಇನ್ನೇನು? ಇವತ್ತಿನ ತಾರೀಕಲ್ಲೇ ಹೊಸ ಪ್ರೊನೋಟು ಬರೆಸ್ಕೊಳ್ಳಿ, ಹಳೇ ನೋಟಿನ ಅಸಲು ಇಷ್ಟು ಬಾಕಿ, ಅದಕ್ಕೆ ಬದಲಾಗಿ ಇದು ಅಂತ. ಹೊಸ ಮೂರು ವರ್ಷ ಸಿಗುತ್ತೆ. ಹಳೇದು ಟೈಮ್ ಬಾರ್ ಆಗಿತ್ತು ಅಂತ ನಾಳೆ ಯಾರಾದ್ರೂ ತಕರಾರು ತೆಗೆದ್ರೂ ಪರವಾಗಿಲ್ಲ, ಸತ್ತ ಸಾಲವನ್ನೂ ಕೊಡ್ತೀನಿ ಅಂತ ಬರೆದು ಸೈ ಮಾಡಿದ್ರೆ ಅದು ಹೊಸ ಕರಾರು, ಕಾಂಟ್ರಾಕ್ಟ್ ಆಕ್ಟ್ 25(3). ವಾಟ್ಸಾಪ್ ಸೈನಾ ಅಲ್ವಾ ಅನ್ನೋ ತಲೆನೋವೂ ಹೋಗುತ್ತೆ. ಅವ್ರು ಹಾಕಲ್ಲ ಅಂದ್ರೆ ಮಾತ್ರ ಫೆಬ್ರವರಿ 20ರ ತನಕ ಕಾಯದೆ ಡಿಸೆಂಬರ್ ಒಳಗೆ ದಾವೆ ಹಾಕಿ. ಕೊನೇ ವಾರಕ್ಕೆ ಬಂದವ್ರಿಗೆ ಯಾವಾಗಲೂ ಒಂದಲ್ಲ ಒಂದು ಪೇಪರ್ ಸಿಗಲ್ಲ, ನಾನು ನೋಡಿದ್ದೀನಿ.

ರವಿ_ಮಂಡ್ಯ

ಮಾವನ್ನ ಕೇಳ್ದೆ. ಸರ್ ಹೇಳಿದಂಗೇ, ಆ ಕಡೆಯವ್ನು ರಿಪ್ಲೈ ನೋಟೀಸಲ್ಲಿ "ಆರು ತಿಂಗಳಲ್ಲಿ ಕೊಡ್ತೀನಿ" ಅಂತ ಸೈ ಮಾಡಿ ಬರೆದಿದ್ನಂತೆ. ಮಾವ ಮಾತ್ರ ಇವತ್ತಿಗೂ ನೋಟೀಸಿಂದಲೇ ಆಗಿದ್ದು ಅಂತಾರೆ.

ಅಡಿಕೆಸೋಗೆ (16 ನವೆಂಬರ್)

ಅಂತೂ ಅಪ್ಪ ಇವತ್ತು ಪಕ್ಕದ ಮನೆಗೆ ಹೋಗಿ ಬಂದ್ರು. ಏಳು ವರ್ಷದಲ್ಲಿ ಮೊದಲ್ನೇ ಸಲ ಬಾಯಿ ಬಿಟ್ಟು ಕೇಳಿದ್ದು. ಅವ್ರು ಕಾಫಿ ಕೊಟ್ಟು, ಹೊಸ ನೋಟು ಬರೆದುಕೊಡ್ತೀನಿ, ಅಡಿಕೆ ಮಂಡಿಗೆ ಹೋದ ಮೇಲೆ ಒಂದು ಲಕ್ಷ ಕೊಡ್ತೀನಿ ಅಂದ್ರಂತೆ. ಮುಂದಿನ ಭಾನುವಾರ ಬರ್ತಾರಂತೆ, ನಾನೂ ಊರಿಗೆ ಹೋಗ್ತಿದ್ದೀನಿ. ಬರದಿದ್ರೆ ಸೋಮವಾರ ಬೆಳಿಗ್ಗೆ ಶಿವಮೊಗ್ಗಕ್ಕೆ ವಕೀಲರ ಹತ್ರ.

ಹಳೇ_ಶಿರಸ್ತೇದಾರ

ಭಾನುವಾರ ಪೋಸ್ಟ್ ಆಫೀಸ್ ರಜ. ರೆವಿನ್ಯೂ ಸ್ಟಾಂಪ್ ಶನಿವಾರವೇ ತಗೊಂಡಿಟ್ಕೊಳ್ಳಿ.